ತಮ್ಮ ಕಪ್ಪು ಶಾಯಿ ವಿಪರೀತ ಚೆನ್ನಾಗಿರುವ ಕುರಿತು ಒಂದು ದೂರು

ಮನೆಮನೆಯ ಮುದ್ರಣಯಂತ್ರಗಳಿಗೆ ಹೊತ್ತುಹೊತ್ತಿಗೆ ಶಾಯಿ ಉಣಿಸಿ ಸಾಕುತ್ತಿರುವ ಮಹಾಸಂಸ್ಥೆಯ ಕಪ್ಪು ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ತಮಗೂ, ತಮ್ಮ ನೆರೆಹೊರೆಯ ಹಳದಿ, ನೀಲಿ, ಕೆಂಪು ವಿಭಾಗಗಳ ಮುಖ್ಯಸ್ಥರಿಗೂ, ತಮ್ಮ ಸಹಾಯವಾಣಿಯಲ್ಲಿ ಕುಳಿತು ‘ನಿಮ್ಮ ಕರೆ ನಮಗೆ ಅತ್ಯಂತ ಮುಖ್ಯ’ ಎಂದು ಇಪ್ಪತ್ತೇಳು ನಿಮಿಷ ಒಂದೇ ಸಮನೆ ನನ್ನನ್ನು ಹೊಗಳಿದ ಧ್ವನಿಮುದ್ರಿತ ಮಹಿಳೆಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ನಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮ. ತಮ್ಮ ಯಂತ್ರವೂ ಊಟದ ಮೇಜಿನ ಅರ್ಧ ಭಾಗವನ್ನು ಆಕ್ರಮಿಸಿಕೊಂಡು ಆರೋಗ್ಯವಾಗಿದೆ. ನಾವು ಉಳಿದರ್ಧದಲ್ಲಿ ಮೊಣಕೈ ಮುದುಡಿಕೊಂಡು ಊಟ ಮಾಡುತ್ತಿದ್ದೇವೆ. ಮನೆಗೆ ಬಂದ ದೊಡ್ಡವರಿಗೆ ಅಷ್ಟೂ ಜಾಗ ಬಿಡದಿದ್ದರೆ ಹೇಗೆ?

ಮೊದಲಿಗೆ ನನ್ನ ಪರಿಚಯ ಹೇಳಿಕೊಳ್ಳುವುದು ಶಿಷ್ಟಾಚಾರ. ನಾನು ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಮೂವತ್ತಮೂರು ವರ್ಷ ದುಡಿದು ಹೋದ ವರ್ಷವಷ್ಟೇ ನಿವೃತ್ತನಾದವನು. ಊರಿನ ಅರ್ಧ ಜನರ ಪಕ್ಕೆಲುಬುಗಳ ಪರಿಚಯ ನನಗಿದೆ. ಮುಖ ಮರೆತರೂ ಮೊಣಕಾಲಿನ ಚಿಪ್ಪು ನೋಡಿದರೆ ಗುರುತು ಹಿಡಿದೇನು. ಕಪ್ಪು, ಬಿಳುಪು ಮತ್ತು ಅವೆರಡರ ನಡುವಿನ ಬೂದು, ಇವುಗಳ ವಿಚಾರದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ ಎಂಬ ಸಣ್ಣದೊಂದು ಜಂಬ ನನಗಿತ್ತು. ಆ ಜಂಬವನ್ನು ಇಳಿಸಿದ ತಮ್ಮ ಉಪಕಾರವನ್ನು ನೆನೆಯುತ್ತಲೇ ಈ ದೂರನ್ನು ಬರೆಯುತ್ತಿದ್ದೇನೆ.

ವಿಷಯ ನನ್ನ ಅಕ್ಕನದು. ಅಕ್ಕ ನಗರಸಭೆಯ ಈಜುಕೊಳದಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಈಜು ಕಲಿಸಿದವಳು. ಕೊರಳಲ್ಲಿ ಸದಾ ಒಂದು ಸೀಟಿ ತೂಗುತ್ತಿದ್ದುದರಿಂದ ಊರಿಗೆಲ್ಲ ಅವಳು ‘ಸೀಟಿ ಟೀಚರ್’. ಸೀಟಿಯ ಜೊತೆಗೆ ಇನ್ನೊಂದು ವಸ್ತುವೂ ಅವಳ ಕೊರಳಲ್ಲಿ ತೂಗುತ್ತಿತ್ತು, ಯಾರೋ ಬಳಸಿ ಬಿಟ್ಟ ಹಳೆಯ ಕ್ಯಾಮೆರಾ. ಯಾವ ಮಗುವೇ ಆಗಲಿ, ಆಳದ ಕಡೆಯ ಎತ್ತರದ ಹಲಗೆಯಿಂದ ಮೊಟ್ಟಮೊದಲ ಬಾರಿ ನೀರಿಗೆ ಹಾರುವಾಗ ಅಕ್ಕ ಒಂದು ಕಪ್ಪುಬಿಳುಪು ಚಿತ್ರ ತೆಗೆಯುತ್ತಿದ್ದಳು. ಒಂದೇ ಒಂದು. ಎರಡನೆಯ ಸಲ ಹಾರಿದವರನ್ನು ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಹೀಗೆ ನೆಲಕ್ಕೂ ನೀರಿಗೂ ಸೇರದೆ, ಬಾಯಿ ತೆರೆದು, ಕಣ್ಣು ಮುಚ್ಚಿ, ಮೂಗು ಹಿಡಿದು ಗಾಳಿಯಲ್ಲಿ ನಿಂತ ಸಾವಿರಾರು ಮಕ್ಕಳು ಅವಳ ಕಪಾಟಿನ ಡಬ್ಬಿಗಳಲ್ಲಿ ನೆಗೆಟಿವ್‌ಗಳಾಗಿ ಮಲಗಿದ್ದರು.

ಎರಡು ವರ್ಷ ದುರಸ್ತಿಗೆಂದು ಮುಚ್ಚಿದ್ದ ಕೊಳ ಈ ಬೇಸಿಗೆಯ ಆರಂಭಕ್ಕೆ ಮತ್ತೆ ತೆರೆಯುವುದೆಂದು ಗೊತ್ತಾದಾಗ, ಕೊಳದ ಮೇಲ್ವಿಚಾರಕರು ಅಕ್ಕನ ಮನೆಗೆ ಬಂದು, ಬಟ್ಟೆ ಬದಲಿಸುವ ಕೋಣೆಗಳಿಂದ ನೀರಿನ ಕಡೆಗೆ ಹೋಗುವ ಉದ್ದ ಮೊಗಸಾಲೆಯ ಗೋಡೆಯನ್ನು ಅವಳ ಚಿತ್ರಗಳಿಗೆ ಬಿಟ್ಟುಕೊಡುತ್ತೇವೆ, ನಲವತ್ತು ಆರಿಸಿ ಕೊಡಿ ಎಂದರು. ಅಕ್ಕ ಸಂತೋಷದಿಂದ ಒಪ್ಪಿಕೊಂಡಳು. ತೊಂದರೆ ಇಷ್ಟೇ: ಅಷ್ಟರಲ್ಲಿ ಅವಳ ಎರಡೂ ಕಣ್ಣುಗಳ ನಡುಭಾಗ ಸವೆದುಹೋಗಿತ್ತು. ನೇರವಾಗಿ ನೋಡಿದ ಕಡೆ ಅವಳಿಗೊಂದು ಮಬ್ಬು ಮಚ್ಚೆ ಕಾಣುತ್ತದೆ. ತಲೆ ವಾರೆ ಮಾಡಿ ಅಂಚಿನಿಂದ ನೋಡಿದರೆ ಮಾತ್ರ ಅಷ್ಟಿಷ್ಟು ತಿಳಿಯುತ್ತದೆ. ಕಣ್ಣಿನ ವೈದ್ಯೆ ಹೇಳಿದ್ದು, ಕಪ್ಪು ಅಚ್ಚಗಪ್ಪಾಗಿಯೂ ಬಿಳುಪು ಅಚ್ಚಬಿಳುಪಾಗಿಯೂ ಇದ್ದರೆ ಇನ್ನೂ ಒಂದಷ್ಟು ಕಾಲ ಆಕೆ ಚಿತ್ರ ನೋಡಬಲ್ಲಳು, ನಡುವೆ ಮಂಕಾದರೆ ಏನೂ ಕಾಣದು ಎಂದು. ಹೊಳಪಿಲ್ಲದ ಕಾಗದದ ಮೇಲೆ ಕಪ್ಪು ಎಷ್ಟಾದರೂ ಒಂದು ಮುಸುಕು ಹೊದ್ದುಕೊಂಡೇ ಇರುತ್ತದೆ ಎಂಬುದು ತಮಗೆ ತಿಳಿಯದ್ದೇನಲ್ಲ. ಆದ್ದರಿಂದ ಅಕ್ಕ ಕಟ್ಟಪ್ಪಣೆ ಮಾಡಿದಳು: “ಹೊಳೆಯೋ ಕಾಗದಾನೇ ಬೇಕು. ಆಳದ ಕಡೆ ನೀರು ಕಪ್ಪಗೆ ಕಾಣಬೇಕು. ಆ ಕಪ್ಪು ಕಾಣದಿದ್ರೆ ಈ ಮಕ್ಕಳು ಯಾಕೆ ಕಿರುಚ್ತಿದ್ದಾರೆ ಅಂತ ಯಾರಿಗೆ ಗೊತ್ತಾಗುತ್ತೆ?”

ಹಿಂದೆ ಅಕ್ಕನಿಗೆ ತಮ್ಮ ಕತ್ತಲೆ ಕೋಣೆಯನ್ನು ಬಳಸಲು ಬಿಡುತ್ತಿದ್ದ ಸ್ಟುಡಿಯೋದವರ ಬಳಿ ಹೋದೆ. ಅವರು ಆ ಕೋಣೆಯಲ್ಲಿ ಈಗ ಬಟ್ಟೆ ಒಗೆಯುವ ಯಂತ್ರ ಇಟ್ಟಿದ್ದಾರೆ. “ಕಪ್ಪುಬಿಳುಪಾ? ಯಾರೂ ಕೇಳಲ್ಲ ಮಾರಾಯ್ರೆ. ಮನೇಲೇ ಮಾಡ್ಕೊಳ್ಳಿ, ಏನೂ ಕಷ್ಟ ಇಲ್ಲ. ಶಾಯಿ ಒಂದು ಸರಿಯಾಗಿ ಆರಿಸ್ಕೊಂಡ್ರೆ ಆಯ್ತು,” ಎಂದರು. ಮಾನ್ಯರೇ, ‘ಶಾಯಿ ಒಂದು’ ಎಂಬ ಆ ಎರಡು ಪದಗಳನ್ನು ನಂಬಿ ನಾನು ತಮ್ಮ ಯಂತ್ರವನ್ನು ಮನೆಗೆ ತಂದೆ. ತೆರೆದು ನೋಡಿದರೆ ಒಳಗೆ ಆರು ಶಾಯಿ. ಅದರಲ್ಲಿ ಕಪ್ಪೇ ಎರಡು! ಒಂದು ಹೊಳೆಯುವ ಕಾಗದಕ್ಕೆ, ಒಂದು ಸಾದಾ ಕಾಗದಕ್ಕೆ. ಮದುವೆಗೊಂದು, ಮನೆಗೊಂದು ಎಂದು ನಾವು ಬಟ್ಟೆ ಇಟ್ಟುಕೊಂಡ ಹಾಗೆ ಕತ್ತಲೆಗೂ ಎರಡು ಜೊತೆ ಉಡುಪು ಹೊಲಿಸಿದ ತಮ್ಮ ಔದಾರ್ಯಕ್ಕೆ ಬೆರಗಾದೆ.

ನೆಗೆಟಿವ್‌ಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿಕೊಂಡು ಮೊದಲ ದಿನ ಹತ್ತು ಚಿತ್ರ ಮುದ್ರಿಸಿದೆ. ಕಿಟಕಿಯ ಬಳಿ ಹಿಡಿದು ನೋಡಿದರೆ ಸೊಗಸಾಗಿದ್ದವು. ದೀಪ ಹಾಕಿದ ಕೂಡಲೇ ಹತ್ತೂ ಮಕ್ಕಳು ಹಸಿರಾದರು. ತಮ್ಮ ಯಂತ್ರ ಬೂದು ಬಣ್ಣವನ್ನು ನೀಲಿ, ಕೆಂಪು, ಹಳದಿ ಕಲಸಿ ತಯಾರಿಸುತ್ತದೆಂದೂ, ಬೆಳಕು ಬದಲಾದರೆ ಆ ಕಲಸುಮೇಲೋಗರದಲ್ಲಿ ಒಬ್ಬರು ಮುಂದೆ ಬಂದು ಇನ್ನೊಬ್ಬರು ಹಿಂದೆ ಸರಿಯುತ್ತಾರೆಂದೂ ನನಗೆ ಆಮೇಲೆ ತಿಳಿಯಿತು. ನನ್ನಾಕೆ ಕನ್ನಡಕ ಏರಿಸಿ ನೋಡಿ, “ಇವ್ರಿಗೆಲ್ಲ ಹಾರೋಕ್ ಮುಂಚೆ ಏನ್ ತಿನ್ಸಿದ್ರು?” ಎಂದು ಕೇಳಿದಳು. ತಮ್ಮ ಸಹಾಯವಾಣಿಯಲ್ಲಿ ಕೊನೆಗೂ ಸಿಕ್ಕ ಜೀವಂತ ತರುಣಿ ಬಹಳ ಸಹಾನುಭೂತಿಯಿಂದ, “ಸರ್, ಯಾವ ಬೆಳಕಲ್ಲಿ ನೋಡ್ತಿದ್ದೀರಿ?” ಎಂದರು. ಮನೆಯ ಬೆಳಕಲ್ಲಿ ಎಂದೆ. “ಮನೆ ಬದಲಾಯಿಸಿ ನೋಡಿ ಸರ್,” ಎಂದರು. ಮನೆಯ ದೀಪ ಎನ್ನಲು ಹೋಗಿ ಹಾಗೆ ಅಂದಿರಬೇಕು. ಆದರೂ ಅವರ ಮಾತಿಗೆ ಬೆಲೆ ಕೊಟ್ಟು ಆ ವಾರ ಎರಡು ಬಾಡಿಗೆ ಮನೆ ನೋಡಿಕೊಂಡು ಬಂದೆ.

ಬಣ್ಣಗಳ ಸಹವಾಸವೇ ಬೇಡವೆಂದು ‘ಕಪ್ಪು ಮಾತ್ರ’ ಎಂಬ ಗುಂಡಿ ಒತ್ತಿದಾಗ ಯಂತ್ರ ತನ್ನ ಬುದ್ಧಿ ಉಪಯೋಗಿಸಿ ಸಾದಾ ಕಾಗದದ ಕಪ್ಪನ್ನು ಹೊಳೆಯುವ ಕಾಗದದ ಮೇಲೆ ಸುರಿಯಿತು. ನೋಡಲು ಏನು ಕಪ್ಪು! ಹಾಗೆ ಕಪ್ಪಗಿರುವ ಕಪ್ಪನ್ನು ನಾನು ಸಂಪೂರ್ಣ ತಪ್ಪಾಗಿ ತೆಗೆದ ಎಕ್ಸ್-ರೇಗಳಲ್ಲಿ ಮಾತ್ರ ಕಂಡಿದ್ದೆ. ಒಂದೇ ತೊಂದರೆಯೆಂದರೆ ಅದು ಕಾಗದಕ್ಕೆ ಅಂಟಿಕೊಳ್ಳಲು ಒಪ್ಪಲಿಲ್ಲ. ಮೇಜಿಗೆ ಒರಗಿ ಮೆಚ್ಚಿಕೊಳ್ಳುತ್ತಿದ್ದ ನನ್ನ ಬಿಳಿ ಅಂಗಿಯ ಮೊಣಕೈಗೆ ಒಬ್ಬಳು ಹುಡುಗಿ ತಲೆಕೆಳಗಾಗಿ, ಜಡೆ ಸಮೇತ, ಸ್ಪಷ್ಟವಾಗಿ ಅಂಟಿಕೊಂಡಳು. ಆ ಅಂಗಿಯನ್ನೇ ಚೌಕಟ್ಟು ಹಾಕಿಸಬಹುದಿತ್ತು ಎಂದು ಈಗಲೂ ಅನಿಸುತ್ತದೆ.

ಇಷ್ಟರಲ್ಲಿ ಹಳದಿ ಮುಗಿಯಿತು. ಹಳದಿ ಮುಗಿದಿದೆ, ಆದ್ದರಿಂದ ಕಪ್ಪು ಮುದ್ರಿಸಲಾರೆ ಎಂದು ಯಂತ್ರ ಕಡ್ಡಿ ಮುರಿದಂತೆ ಹೇಳಿತು. ಒಬ್ಬನಿಗೆ ಹುಷಾರಿಲ್ಲವೆಂದು ಆರು ಮಂದಿಯೂ ಕೆಲಸ ನಿಲ್ಲಿಸುವಂಥ ಒಗ್ಗಟ್ಟನ್ನು ನಾನು ಆಸ್ಪತ್ರೆಯ ನೌಕರರ ಸಂಘದಲ್ಲೂ ನೋಡಿರಲಿಲ್ಲ.

ಬೇಸತ್ತು ಪೇಟೆಯಲ್ಲಿ ಸೀಸೆಗಳಲ್ಲಿ ಶಾಯಿ ತುಂಬಿ ಮಾರುವ ಅಂಗಡಿಗೆ ಹೋದೆ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತಿದೆ. ತಮ್ಮಂಥವರಿರುವಾಗ ಅನ್ಯರ ಬಾಗಿಲು ತಟ್ಟಬಾರದಿತ್ತು. ಹತ್ತೂ ಉಗುರು ನೀಲಿಗಟ್ಟಿದ್ದ ಆ ಅಂಗಡಿಯವರು, “ಕಪ್ಪು ಅಂದ್ರೆ ಕಪ್ಪು ಸಾರ್. ಅದ್ರಲ್ಲಿ ಏನ್ ಆರ್ಸೋದಿದೆ?” ಎಂದು ಒಂದು ಸೀಸೆ ಕೊಟ್ಟರು. ಎದುರಿನಿಂದ ನೋಡಿದರೆ ಆ ಶಾಯಿ ಬಹಳ ಚೆನ್ನಾಗಿತ್ತು. ಕಾಗದವನ್ನು ಕೊಂಚ ಓರೆ ಮಾಡಿದರೆ ಮಾತ್ರ ಕಪ್ಪು ಇದ್ದಲ್ಲೆಲ್ಲ ತಾಮ್ರದ ಪಾತ್ರೆಯಂಥ ಕೆಂಪು ಮಿಂಚು ಏಳುತ್ತಿತ್ತು. ಓರೆ ಮಾಡದೆ ನೋಡಿದರಾಯಿತು ಎಂದು ಬೇರೆ ಯಾರಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ನಮ್ಮ ಅಕ್ಕ ಓರೆಯಾಗಲ್ಲದೆ ನೋಡಲಾರಳು! ಅವಳು ಚಿತ್ರವನ್ನು ಕಿವಿಯ ಹತ್ತಿರ ಹಿಡಿದು, ತಲೆ ವಾಲಿಸಿ, ಬಹಳ ಹೊತ್ತು ನೋಡಿ ಕೇಳಿದಳು, “ಕೊಳಕ್ಕೆ ಯಾಕೋ ಸಾರು ಸುರಿದಿದ್ದೀಯ?”

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಮಾನ್ಯರೇ, ಇಲ್ಲಿಂದ ಮುಂದೆ ನನ್ನ ದೂರು ತಿರುವುಮುರುವಾಗುತ್ತದೆ, ದಯವಿಟ್ಟು ಕುರ್ಚಿ ಹತ್ತಿರ ಎಳೆದುಕೊಳ್ಳಬೇಕು.

ಅಕ್ಕ ನೆನಪಿನಿಂದಲೇ ಆರಿಸಿ ಕೊಟ್ಟ ನಲವತ್ತರಲ್ಲಿ ಇಪ್ಪತ್ತಾರನೆಯ ನೆಗೆಟಿವ್ ಸ್ಕ್ಯಾನ್ ಆಗಿ ಪರದೆಯ ಮೇಲೆ ಮೂಡಿದಾಗ ನನ್ನ ಕೈ ನಿಂತಿತು. ಆ ಚಿತ್ರದಲ್ಲಿ ಯಾರೂ ಹಾರುತ್ತಿರಲಿಲ್ಲ. ಎತ್ತರದ ಹಲಗೆಯ ಏಣಿಯಲ್ಲಿ ಒಬ್ಬ ಬೆಳೆದ ಗಂಡಸು, ಎರಡೂ ಕೈಯಿಂದ ಕಂಬಿಯನ್ನು ಅಪ್ಪಿಕೊಂಡು, ಬೆನ್ನು ಮಾಡಿ ಕೆಳಗಿಳಿಯುತ್ತಿದ್ದ. ಮುಖ ಮಾತ್ರ ಕ್ಯಾಮೆರಾದ ಕಡೆ ತಿರುಗಿತ್ತು. ಅವನು ಇಳಿದು ದಾರಿ ಬಿಡಲೆಂದು ಏಣಿಯ ಬುಡದಲ್ಲಿ ಆರೇಳು ಮಕ್ಕಳು ಸಾಲಾಗಿ, ಬಹಳ ತಾಳ್ಮೆಯಿಂದ ಕಾಯುತ್ತಿದ್ದರು. ಒಬ್ಬಳಂತೂ ಆಕಳಿಸುತ್ತಿದ್ದಳು.

ಆ ಗಂಡಸು ನಾನು. ಆಗ ನನಗೆ ಇಪ್ಪತ್ತೊಂಬತ್ತು ವರ್ಷ.

ತಮ್ಮಿಂದ ಏನು ಮುಚ್ಚುಮರೆ? ಆ ಮಧ್ಯಾಹ್ನ ನಾನು ಹಲಗೆಯ ತುದಿಯವರೆಗೆ ಹೋದದ್ದು ನಿಜ. ಅಲ್ಲಿ ನಿಂತು ಕೆಳಗೆ ನೋಡಿದ್ದೂ ನಿಜ. ಆಮೇಲಿನದನ್ನು ಮಾತ್ರ ನಾನು ಸ್ವಲ್ಪ ತಿದ್ದಿ ಹೇಳುತ್ತ ಬಂದಿದ್ದೆ. ಮದುವೆಗೆ ಮುಂಚೆ ನನ್ನಾಕೆಗೆ ಹೇಳುವಾಗ ಒಂದು ಸಲ ಹಾರಿದ್ದೆ. ಮದುವೆಯಾದ ಮೇಲೆ ಅದು ಮೂರು ಸಲವಾಯಿತು. ಮಗಳಿಗೆ ಏಳು ವರ್ಷವಾಗಿ, ಅದೇ ಹಲಗೆಯ ತುದಿಯಲ್ಲಿ ನಿಂತು ಗಡಗಡ ನಡುಗುತ್ತ ‘ಅಪ್ಪಾ’ ಎಂದು ಕೂಗಿದಾಗ, ಕೆಳಗೆ ಒಣ ಬಟ್ಟೆಯಲ್ಲಿ ನಿಂತಿದ್ದ ನಾನು, “ಏನೂ ಆಗಲ್ಲ ಪುಟ್ಟಾ, ನಾನು ಎಷ್ಟು ಸಲ ಹಾರಿದ್ದೀನಿ!” ಎಂದು ಕೂಗಿ ಹೇಳಿದ್ದೆ. ಆ ಮಾತು ನಂಬಿ ಅವಳು ಹಾರಿದಳು. ಪಕ್ಕದಲ್ಲೇ ನಿಂತಿದ್ದ ಅಕ್ಕ ಆ ಚಿತ್ರವನ್ನೂ ತೆಗೆದಳು. ನನ್ನ ಮುಖವನ್ನೊಮ್ಮೆ ನೋಡಿ, ಸೀಟಿ ಊದಿ ಮುಂದಿನ ಮಗುವನ್ನು ಕರೆದಳು. ಆ ಚಿತ್ರ ನಲವತ್ತರಲ್ಲಿ ಹದಿನೇಳನೆಯದು.

ಈಗ ತಮ್ಮ ಕೆಟ್ಟ ಶಾಯಿಯ ಮಹಿಮೆಯನ್ನು ಕೇಳಬೇಕು. ಹೊಸ ಹಳದಿ ತಂದು ಹಾಕಿ, ಬೂದೇ ತುಂಬಿದ್ದ ಆ ಇಪ್ಪತ್ತಾರನೆಯದನ್ನು ಆರು ಬಣ್ಣದ ಬೂದಿನಲ್ಲಿ ಮುದ್ರಿಸಿದಾಗ ನಾನು ಕರಗಿಹೋದೆ! ಮುಖ ಎಂಬುದು ಒಂದು ಹಸಿರು ಮೋಡವಾಯಿತು. ಏಣಿ, ಕಂಬಿ, ಕಾಲು ಎಲ್ಲ ಒಂದೇ ಗಂಜಿ. ನನ್ನಾಕೆ ಅಂಚೆ ಕಚೇರಿಯಲ್ಲಿ ಇಡೀ ವೃತ್ತಿಜೀವನ ಓದಲಾಗದ ವಿಳಾಸಗಳನ್ನು ಓದಿ ವಿಂಗಡಿಸಿದವಳು, ಯಾರ ಕೈಬರಹವೂ ಅವಳ ಕಣ್ಣಿಗೆ ತಪ್ಪಿಸಿಕೊಂಡದ್ದಿಲ್ಲ. ಅಂಥವಳೇ ಆ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ, “ಯಾರಿದು?” ಎಂದು ಕೇಳಿದಳು. “ಹಲಗೆ ರಿಪೇರಿಗೆ ಬಂದವನಿರಬೇಕು,” ಎಂದೆ. ತಮ್ಮ ಶಾಯಿಯ ಬೆಂಬಲವಿಲ್ಲದಿದ್ದರೆ ಅಷ್ಟು ಸರಾಗವಾಗಿ ನನ್ನ ಬಾಯಿಂದ ಆ ಮಾತು ಬರುತ್ತಿರಲಿಲ್ಲ. ಮೂವತ್ತು ವರ್ಷಗಳಿಂದ ನಾನು ಒಬ್ಬಂಟಿಯಾಗಿ ಕಾಪಾಡಿಕೊಂಡು ಬಂದದ್ದನ್ನು ಆ ದಿನ ಒಂದು ದೊಡ್ಡ ಸಂಸ್ಥೆಯೇ ಬೆನ್ನಿಗೆ ನಿಂತು ಕಾಪಾಡಿತು.

ಆದರೆ ಅಕ್ಕನಿಗೆ ಕಪ್ಪು ನೀರು ಬೇಕಿತ್ತು. ಅವಳ ಕಣ್ಣು ಕಾಯುವ ಸ್ಥಿತಿಯಲ್ಲಿರಲಿಲ್ಲ. ಒಂದು ಬೆಳಿಗ್ಗೆ ನಾನು ತಮ್ಮ ಪ್ರದರ್ಶನ ಮಳಿಗೆಗೇ ಹೋದೆ. ಅಲ್ಲಿನ ತಂತ್ರಜ್ಞೆ ನನ್ನ ಗೋಳನ್ನೆಲ್ಲ ಕೇಳಿ, ನಗದೆ, ಒಂದೇ ನೆಗೆಟಿವ್‌ನ ಎರಡು ಮುದ್ರಣ ತೆಗೆದು ಮುಂದಿಟ್ಟರು. ಮೊದಲನೆಯದು ಕಾಗದದೊಳಕ್ಕೆ ನೀರಿನಂತೆ ಇಂಗುವ ಶಾಯಿ: ಹೊಳಪು ಎಲ್ಲ ಕಡೆಯೂ ಸಮ, ಎಷ್ಟು ಓರೆ ಮಾಡಿದರೂ ತಾಮ್ರವಿಲ್ಲ, ಆದರೆ ಕಿಟಕಿಯ ಬಿಸಿಲು ಬೀಳುವ ಗೋಡೆಯಲ್ಲಿ ಕೆಲವೇ ವರ್ಷಗಳಲ್ಲಿ ಮಾಸುತ್ತದೆ. ಎರಡನೆಯದು ಇದ್ದಿಲಿನ ಪುಡಿಯಂಥ ನುಣ್ಣನೆಯ ಕಣಗಳ ಶಾಯಿ: ಒಂದು ಕಪ್ಪು, ಅದರ ಕೆಳಗೆ ತಿಳಿಯಾಗುತ್ತ ಹೋಗುವ ಮೂರು ಬೂದು, ಯಾವ ಬಣ್ಣದ ಹಂಗೂ ಇಲ್ಲ. ಕಣಗಳು ಕಾಗದದ ಮೇಲೆಯೇ ಕೂರುವುದರಿಂದ ಹೊಳಪು ಅಲ್ಲಲ್ಲಿ ಏರುಪೇರಾಗುತ್ತದೆ, ಅದಕ್ಕೆ ಮೇಲೊಂದು ಬಣ್ಣವಿಲ್ಲದ ಲೇಪ. ಅದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹೀಗೆಯೇ ಇರುತ್ತದೆ ಎಂದರು. ಓರೆ ಮಾಡಿ ನೋಡಿದೆ. ಕಪ್ಪು ಕಪ್ಪಾಗಿಯೇ ಉಳಿಯಿತು. ಮೂವತ್ತಮೂರು ವರ್ಷದ ಅನುಭವದಿಂದ ಹೇಳುತ್ತೇನೆ, ಹಾಗೆ ಒಂದರ ಮೇಲೊಂದು ಬಿಡಿಬಿಡಿಯಾಗಿ ನಿಂತ ಬೂದುಗಳನ್ನು ಕಂಡು ನನ್ನ ಕಣ್ಣು ತುಂಬಿ ಬಂತು.

ಆ ಕಣ್ಣನ್ನು ಒರೆಸಿಕೊಂಡು ನಾನು ದನಿ ತಗ್ಗಿಸಿ ಕೇಳಿದೆ, “ತಮ್ಮಲ್ಲಿ ಎಲ್ಲಕ್ಕಿಂತ ಬೇಗ ಮಾಸೋ ಶಾಯಿ ಯಾವುದು? ಒಂದೇ ಒಂದು ಚಿತ್ರಕ್ಕೆ ಸಾಕು.”

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸರ್, ಏನಾದ್ರೂ ಕೋರ್ಟ್ ವಿಷಯಾನಾ?” ಎಂದರು.

ಎರಡನೆಯ ಶಾಯಿಯನ್ನೇ ಕೊಂಡು ಮನೆಗೆ ಬಂದು, ಯಂತ್ರದ ಬಣ್ಣಗಳ ಜಾಗದಲ್ಲಿ ಕೂರಿಸಿ, ಆ ಹೊಸ ಕಪ್ಪು ಮತ್ತು ಮೂರು ಬೂದುಗಳಲ್ಲಿ ಮೂವತ್ತೊಂಬತ್ತು ಚಿತ್ರ ಮುದ್ರಿಸಿದೆ. ಒಂದೊಂದಕ್ಕೂ ಲೇಪ ಕೊಟ್ಟು, ಮಂಚದ ಮೇಲೆ, ಕಪಾಟಿನ ಮೇಲೆ, ನೆಲದ ಮೇಲೆ ಒಣಗಲು ಹರಡಿದೆ. ಎರಡು ದಿನ ನಾವಿಬ್ಬರೂ ಹಾರುವ ಮಕ್ಕಳ ನಡುವೆ ಕಾಲಿಡಲು ಜಾಗ ಹುಡುಕುತ್ತ ಓಡಾಡಿದೆವು. ಇಪ್ಪತ್ತಾರನೆಯದಕ್ಕೆ ಮಾತ್ರ ಹಳೆಯ ಹಸಿರು ಗಂಜಿಯನ್ನೇ ಉಳಿಸಿಕೊಂಡು, ನಡುವೆ ಸೇರಿಸಿ, ಕಟ್ಟನ್ನು ಅಕ್ಕನ ಮನೆಗೆ ಒಯ್ದೆ.

ಅಕ್ಕ ಕಿಟಕಿಯ ಪಕ್ಕ ಕುಳಿತು, ತಲೆ ವಾಲಿಸಿ, ಒಂದೊಂದನ್ನೇ ನೋಡಿದಳು. ಮೊದಲನೆಯದರಲ್ಲೇ ಅವಳ ಬೆರಳು ಚಿತ್ರದ ಕೆಳಭಾಗದಲ್ಲಿ ನಿಂತಿತು. “ಇದು ನೀರು,” ಎಂದಳು. “ಈಗ ಆಳ ಕಾಣ್ತಿದೆ ನೋಡು. ಎಷ್ಟು ವರ್ಷ ಆಯ್ತೋ ಇದನ್ನ ನೋಡಿ!” ಆಮೇಲೆ ಅವಳು ಚಿತ್ರಗಳನ್ನು ತಿರುವುತ್ತ ಒಂದೊಂದು ಮಗುವಿನ ಅಡ್ಡಹೆಸರನ್ನು ತನ್ನಷ್ಟಕ್ಕೇ ಹೇಳಿಕೊಂಡು ನಗುತ್ತಿದ್ದಳು: ಸೊಟ್ಟಮೂತಿ, ಕಪ್ಪೆರಾಯ, ಅಳುಬುರುಕಿ, ಇನ್ನೊಬ್ಬ ಅಳುಬುರುಕ. ಇಪ್ಪತ್ತಾರಕ್ಕೆ ಬಂದಾಗ ನಗು ನಿಂತಿತು.

“ಇದೊಂದಕ್ಕೆ ಯಾಕೋ ಮಂಜು ಕವಿದಿದೆ?”

“ನೆಗೆಟಿವ್ ಹಾಳಾಗಿದೆ ಅಕ್ಕ.”

“ಹಾಳಾಗಿಲ್ಲ. ನಾನೇ ಕೈಯಾರೆ ತೊಳೆದದ್ದು ಅದನ್ನ.”

ನಾನು ಕಿಟಕಿಯ ಆಚೆ ನೋಡಿದೆ. ಅಕ್ಕ ಚಿತ್ರವನ್ನು ಮಡಿಲಲ್ಲಿ ಇಟ್ಟುಕೊಂಡು ನಿಧಾನವಾಗಿ ಹೇಳಿದಳು, “ನಾನು ಯಾರ ಮುಖ ನೋಡಿದ್ರೂ ಅದರ ಮೇಲೆ ಒಂದು ಮಚ್ಚೆ ಬಂದು ಕೂರುತ್ತೆ ಕಣೋ. ದಿನಾ ಅದು ದೊಡ್ಡದಾಗ್ತಿದೆ. ಅದು ಸಾಲದು ಅಂತ ನೀನೂ ನಿನ್ನ ಕೈಯಾರೆ ಒಂದು ಬಳೀತೀಯಾ?”

ಮಾನ್ಯರೇ, ಆಸ್ಪತ್ರೆಯಲ್ಲಿ ನಾನು ಸಾವಿರಾರು ಜನರಿಗೆ ‘ಉಸಿರು ಬಿಗಿ ಹಿಡೀರಿ, ಅಲುಗಾಡಬೇಡಿ’ ಎಂದು ಹೇಳಿದ್ದೇನೆ. ಅದು ಹೇಗಿರುತ್ತದೆಂದು ಆ ದಿನ ತಿಳಿಯಿತು. ಮನೆಗೆ ಬಂದವನೇ ಇಪ್ಪತ್ತಾರನೆಯದನ್ನು ಹೊಸ ಶಾಯಿಯಲ್ಲಿ ಮುದ್ರಿಸಿದೆ. ಯಂತ್ರ ಒಂದೊಂದೇ ಗೆರೆಯಾಗಿ ನನ್ನನ್ನು ಹೊರಗೆ ಹಾಕಿತು. ಮೊದಲು ಕಂಬಿ ಬಂತು, ಆಮೇಲೆ ಕಂಬಿ ಹಿಡಿದ ಬೆರಳುಗಳ ಬಿಳುಪೇರಿದ ಗೆಣ್ಣುಗಳು, ಆಮೇಲೆ ಮುಖ. ಇಷ್ಟು ಚೆನ್ನಾಗಿ ಹೆದರಿದ ಮುಖವನ್ನು ನಾನು ಬೇರೆಲ್ಲೂ ನೋಡಿಲ್ಲ. ತಮ್ಮ ಮೂರು ಬೂದುಗಳಲ್ಲಿ ನಡುವಿನದು ನನ್ನ ಗಂಟಲ ಗಂಟಿನ ನೆರಳನ್ನು ಕೂಡ ಬಿಟ್ಟಿರಲಿಲ್ಲ.

ಕೊಳ ತೆರೆದ ದಿನ ಬೆಳಿಗ್ಗೆ ಹತ್ತಕ್ಕೇ ಮೊಗಸಾಲೆ ತುಂಬಿಹೋಯಿತು. ತಲೆ ನರೆತವರು, ಹೊಟ್ಟೆ ಬಂದವರು, ಕಂಕುಳಲ್ಲಿ ಮಕ್ಕಳನ್ನು ಎತ್ತಿಕೊಂಡವರು ಗೋಡೆಯುದ್ದಕ್ಕೂ ತಮ್ಮನ್ನು ತಾವೇ ಹುಡುಕುತ್ತಿದ್ದರು. ಸೊಟ್ಟಮೂತಿ ಈಗ ವಕೀಲರಂತೆ. ತಮ್ಮ ಚಿತ್ರದ ಮುಂದೆ ನಿಂತು ಅದೇ ಮೂತಿ ಮಾಡಿ ತೋರಿಸಿದರು. ನಾನು ಜನರ ಬೆನ್ನ ಹಿಂದೆ, ನೀರಿನ ಕಡೆಯ ಬಾಗಿಲಿನ ಹತ್ತಿರ ನಿಂತಿದ್ದೆ. ನನ್ನಾಕೆ ಮೊದಲಿನಿಂದ ಒಂದೊಂದನ್ನೇ ನೋಡುತ್ತ ಬಂದು ಇಪ್ಪತ್ತಾರರ ಮುಂದೆ ನಿಂತಳು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ಆಮೇಲೆ ತಿರುಗದೆಯೇ ಸ್ವಲ್ಪ ಗಟ್ಟಿಯಾಗಿ ಹೇಳಿದಳು, “ರಿಪೇರಿಯವನು ತುಂಬಾ ಚೆನ್ನಾಗಿ ಬಂದಿದ್ದಾನೆ. ಇವನ ಹತ್ರ ಯಾವ ಪಾನಾ ಸುತ್ತಿಗೇನೂ ಕಾಣ್ತಿಲ್ಲವಲ್ಲ?”

ಅಷ್ಟರಲ್ಲಿ ಮಗಳು ಬಂದಳು. ಅವಳು ನಗರ ಸಾರಿಗೆಯ ಬಸ್ಸು ಓಡಿಸುತ್ತಾಳೆ. ಮೊದಲ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದಳು. ಅಮ್ಮನ ಹೆಗಲ ಮೇಲಿಂದ ಚಿತ್ರ ನೋಡಿದಳು. ನನ್ನ ಕಡೆ ನೋಡಿದಳು. ಮತ್ತೆ ಚಿತ್ರ ನೋಡಿದಳು. ನಾನು ಏನು ಹೇಳಬೇಕೆಂದು ಒಂದು ವಾರದಿಂದ ಸಿದ್ಧ ಮಾಡಿಕೊಂಡಿದ್ದೆ. ಆದರೆ ಆ ಹಲಗೆಯ ತುದಿಯಲ್ಲಿ ಏಳು ವರ್ಷದವಳು ನಿಂತು ಕೂಗಿದ್ದಷ್ಟೇ ನೆನಪಾಯಿತು.

“ಅಪ್ಪಾ, ಹಾಗಾದ್ರೆ ನೀನು ಹಾರೇ ಇಲ್ವಾ?”

“ಇಲ್ಲ.”

“ಒಂದು ಸಲಾನೂ?”

“ಇಲ್ಲಮ್ಮ.”

ಅವಳ ಮುಖ ನಿಧಾನವಾಗಿ ಬದಲಾಯಿತು. ಕೋಪ ಬರುತ್ತದೆಂದು ಕಾಯುತ್ತಿದ್ದವನಿಗೆ ಅದೇನೆಂದು ಕೂಡಲೇ ಹೊಳೆಯಲಿಲ್ಲ. “ಅಂದ್ರೆ,” ಎಂದಳು, “ಅಂದ್ರೆ ನಮ್ಮನೇಲಿ ಮೊದಲು ಹಾರಿದ್ದು ನಾನು!” ಅಷ್ಟು ಹೇಳಿ ನಮ್ಮಿಬ್ಬರನ್ನೂ ಅಲ್ಲೇ ಬಿಟ್ಟು ಹದಿನೇಳನೆಯ ಚಿತ್ರದ ಮುಂದೆ ಹೋಗಿ ನಿಂತಳು. ಬಂದವರನ್ನೆಲ್ಲ ತಡೆದು, “ಇದು ನಾನು. ಯಾರೂ ಹೇಳಿಕೊಡದೆ ಹಾರಿದ್ದು. ನಮ್ಮಪ್ಪ ಅಲ್ಲಿದ್ದಾರೆ ನೋಡಿ, ಇಪ್ಪತ್ತಾರರಲ್ಲಿ, ಇಳೀತಿದ್ದಾರೆ,” ಎಂದು ಮಧ್ಯಾಹ್ನದವರೆಗೂ ದಾರಿ ತೋರಿಸಿದಳು. ಪರಿಣಾಮವಾಗಿ ಆ ದಿನ ಅತಿ ಹೆಚ್ಚು ಜನ ನೋಡಿದ್ದು ನನ್ನನ್ನು. ಒಬ್ಬರಲ್ಲ ಇಬ್ಬರಲ್ಲ, ಹನ್ನೊಂದು ಮಂದಿ ನನ್ನ ಕಿವಿಯ ಬಳಿ ಬಗ್ಗಿ, ತಾವೂ ಅದೇ ಏಣಿಯಲ್ಲಿ ಇಳಿದಿದ್ದಾಗಿ ಪಿಸುಗುಟ್ಟಿ, ಸೀಟಿ ಟೀಚರ್ ತಮ್ಮದನ್ನು ಗೋಡೆಗೆ ಹಾಕದ್ದಕ್ಕೆ ನಿಟ್ಟುಸಿರು ಬಿಟ್ಟು ಹೋದರು.

ಸಂಜೆ ಜನ ಕರಗಿದ ಮೇಲೆ ನಾನು ಅಕ್ಕನನ್ನು ಕೇಳಿಯೇಬಿಟ್ಟೆ, ಅಷ್ಟು ಮಂದಿ ಇಳಿದವರಿರುವಾಗ ನನ್ನದೇ ಯಾಕೆ ಎಂದು. ಅವಳು ಬೆಂಚಿನ ಮೇಲೆ ಕುಳಿತು ನೀರಿನ ಕಡೆ ಕಿವಿ ಕೊಟ್ಟಿದ್ದಳು. “ಅವರೆಲ್ಲ ಇಳೀವಾಗ ನೆಲ ನೋಡ್ತಿದ್ರು. ನೀನೊಬ್ಬ ನನ್ನ ಕಡೆ ನೋಡ್ದೆ,” ಎಂದಳು. “ನಿನ್ನ ಮುಖ ನಂಗೆ ಪೂರ್ತಿ ಇರೋದು ಅದೊಂದರಲ್ಲೇ.”

ಆದ್ದರಿಂದ, ಮಾನ್ಯರೇ, ತಮ್ಮ ವಿಭಾಗವು ದಯಮಾಡಿ ಗಮನಿಸಬೇಕಾದ್ದೇನೆಂದರೆ, ಹೊಳೆಯುವ ಕಾಗದಕ್ಕೆಂದು ಮಾಡಿದ ಆ ಕಪ್ಪಿನ ಪೆಟ್ಟಿಗೆಯ ಮೇಲೆ ಎಲ್ಲಿಯೂ ಒಂದು ಎಚ್ಚರಿಕೆಯ ಮಾತಿಲ್ಲ. ಮಕ್ಕಳ ಕೈಗೆ ಸಿಗದಂತೆ ಇಡಿ ಎಂದಿದೆ; ತಂದೆಯರ ಕೈಗೆ ಸಿಗದಂತೆ ಇಡಿ ಎಂದು ಸೇರಿಸಲು ತಮಗೇನು ಕಷ್ಟವಿತ್ತು? ಕುಡಿಯಬಾರದು ಎಂದಿದೆ, ‘ಇದರಲ್ಲಿ ಮುದ್ರಿಸಿದ್ದೆಲ್ಲ ಕಾಣಿಸುತ್ತದೆ’ ಎಂದು ಇಲ್ಲ. ಮುಂದಿನ ತಯಾರಿಕೆಯಲ್ಲಿ ತಾವು ನಾಲ್ಕನೆಯ ಒಂದು ಬೂದನ್ನು ಸೇರಿಸಬೇಕೆಂದು ಪ್ರಾರ್ಥಿಸುತ್ತೇನೆ. ಅದು ಮಕ್ಕಳ ಮೇಲೆ, ನೀರಿನ ಮೇಲೆ, ಅಕ್ಕಂದಿರ ಮೇಲೆ ಬಿದ್ದಾಗ ಅಚ್ಚುಕಟ್ಟಾಗಿ ಕೂತು, ಇಪ್ಪತ್ತೊಂಬತ್ತು ವರ್ಷದ ಗಂಡಸರ ಮೇಲೆ ಬಿದ್ದಾಗ ಮಾತ್ರ ಸಭ್ಯವಾಗಿ ಪಕ್ಕಕ್ಕೆ ಹರಿಯಬೇಕು. ಇದು ಆಗದ ಕೆಲಸ ಎಂದು ತಮ್ಮ ರಸಾಯನಶಾಸ್ತ್ರಜ್ಞರು ಹೇಳಿದರೆ, ಕಪ್ಪಿಗೇ ಎರಡು ಜೊತೆ ಉಡುಪು ಹೊಲಿದವರಿಗೆ ಯಾವುದೂ ಅಸಾಧ್ಯವಲ್ಲ ಎಂದು ನನ್ನ ಪರವಾಗಿ ಅವರಿಗೆ ತಿಳಿಸಬೇಕು. ಅಲ್ಲಿಯವರೆಗೆ, ನನ್ನ ಮೊಮ್ಮಕ್ಕಳ ಕಾಲಕ್ಕೂ ಮಾಸುವುದಿಲ್ಲವೆಂದು ತಾವು ಕೊಟ್ಟಿರುವ ಆಶ್ವಾಸನೆಯನ್ನು ಬರಹದಲ್ಲಿ ಹಿಂತೆಗೆದುಕೊಳ್ಳುವ ಸಾಧ್ಯತೆಯಿದೆಯೇ ಎಂಬುದನ್ನಾದರೂ ಪರಿಶೀಲಿಸಬೇಕಾಗಿ ಕೋರುತ್ತೇನೆ.

ಗೋಡೆಯ ಮೇಲೆ ಬಿಸಿಲಿಗೂ ಆವಿಗೂ ಜಗ್ಗದೆ ದಿನಾ ಇಳಿಯುತ್ತಲೇ ಇರುವ,
ತಮ್ಮ ಶಾಶ್ವತ ಹಾಗೂ ನಿರುಪಾಯ ವಿಶ್ವಾಸಿ,
ಚಿತ್ರ ಸಂಖ್ಯೆ ಇಪ್ಪತ್ತಾರು

ಮರೆತ ಮಾತು: ಈ ಬಹಿರಂಗ ಪತ್ರದ ಜೊತೆ ಅಚ್ಚು ಹಾಕಲು ಪತ್ರಿಕೆಯವರು ನನ್ನ ಈಗಿನ ಭಾವಚಿತ್ರವೊಂದನ್ನು ಕೇಳಿದ್ದರು. ತಮ್ಮ ಮೇಲಿನ ಅಭಿಮಾನದಿಂದ ಅದನ್ನು ತಮ್ಮ ಮೊದಲಿನ ಆರು ಬಣ್ಣದ ಶಾಯಿಯಲ್ಲೇ ಮುದ್ರಿಸಿ ಕಳಿಸಿದೆ. ಮರುದಿನ ಬೆಳಿಗ್ಗೆ ಉಪಸಂಪಾದಕರು ಮನೆಗೆ ಫೋನು ಮಾಡಿ, ಬಹಳ ಮೃದುವಾದ ದನಿಯಲ್ಲಿ, ಶ್ರದ್ಧಾಂಜಲಿ ಪುಟಕ್ಕೆ ಕಳಿಸಿದ ಚಿತ್ರ ತಲುಪಿದೆ, ತೀರಿಕೊಂಡ ದಿನಾಂಕವೊಂದನ್ನು ತಿಳಿಸಿದರೆ ಸಾಕು ಎಂದರಂತೆ. ನನ್ನಾಕೆ, “ಒಂದ್ನಿಮಿಷ ಇರಿ, ಕೇಳಿ ಹೇಳ್ತೀನಿ,” ಎಂದು ಫೋನನ್ನು ಅಂಗೈಯಿಂದ ಮುಚ್ಚಿ ನನ್ನ ಕಡೆ ತಿರುಗಿದಳು.